ಬೇಲಿ ಕಟ್ಟುತ್ತ ಆಡುವ ಮಾತು

ಬೆಂಕಿ ಬಿದ್ದ ಊರಿಗೆ ಮೊದಲು ಬೇಕಾದದ್ದೇನು ಎಂದು ಯಾರನ್ನಾದರೂ ಕೇಳಿ, ಅನ್ನ, ಬಟ್ಟೆ, ತಲೆ ಮೇಲೊಂದು ಸೂರು ಎನ್ನುತ್ತಾರೆ. ಸರಿಯಾದ ಮಾತೇ. ಆದರೆ ಕುರಿ, ದನ ಸಾಕಿಕೊಂಡವರನ್ನು ಕೇಳಿದರೆ ಅವರ ಬಾಯಿಂದ ಮೊದಲು ಹೊರಡುವುದು ಬೇಲಿ. ಮನೆ ಸುಟ್ಟರೆ ನೆಂಟರ ಮನೆಯ ಜಗಲಿಯಲ್ಲಾದರೂ ನಾಲ್ಕು ದಿನ ಮಲಗಬಹುದು. ಬೇಲಿ ಸುಟ್ಟರೆ ಬದುಕಿ ಉಳಿದ ಜೀವಗಳನ್ನು ರಾತ್ರಿ ಎಲ್ಲಿ ಕೂಡಿಹಾಕುವುದು? ಅವು ಡಾಂಬರು ರಸ್ತೆಗೆ ಬಂದು ಲಾರಿಗೆ ಸಿಕ್ಕರೆ ಯಾರು ಹೊಣೆ? ಸಾಗರದ ಕಡೆ ತೋಟ, ಗದ್ದೆ, ಬೇಣ ಎಂದು ಆಯುಷ್ಯ ಕಳೆದ ನನಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮಲ್ಲಿ ಬೇಲಿ ಎಂದರೆ ಗಂಟಿಯನ್ನು ತಡೆಯುವುದಷ್ಟೇ ಅಲ್ಲವಲ್ಲ. ಬೇಲಿ ಗಟ್ಟಿಯಾಗಿದ್ದರೆ ಯಜಮಾನನಿಗೆ ನಿದ್ದೆ ಬರುತ್ತದೆ.

ಈ ಮಾತು ತೆಗೆದದ್ದಕ್ಕೆ ಕಾರಣವಿದೆ. ನನ್ನ ಮಗಳ ಸಂಸಾರ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿದೆ. ನಾವು ಹೋದಾಗ ಅವಳು ಊರು ತೋರಿಸುವುದಕ್ಕಿಂತ ಗುಡ್ಡ ತೋರಿಸುವುದೇ ಹೆಚ್ಚು, ಅಪ್ಪ ಅಮ್ಮನಿಗೆ ಕಟ್ಟಡಗಳಿಗಿಂತ ಮರಗಳೇ ಇಷ್ಟ ಎಂದು ಅವಳಿಗೆ ಗೊತ್ತು. ಹಾಗೆ ಈಶಾನ್ಯಕ್ಕೆ ಕಾರು ಹತ್ತಿಸಿಕೊಂಡು ಹೋದರೆ ಕಿಂಗ್‌ಲೇಕ್, ಸ್ಟ್ರಾಥ್‌ಯೂವನ್, ಇನ್ನೂ ಮುಂದೆ ಮೇರಿಸ್‌ವಿಲ್ ಸಿಗುತ್ತವೆ. ಹೆಸರು ಕೇಳಿದರೆ ಸಾಕು, ಅಲ್ಲಿನವರ ಮುಖದಲ್ಲಿ ಏನೋ ಒಂದು ಹಾದುಹೋಗುತ್ತದೆ. "ಅಪ್ಪಯ್ಯ, ಆ ಕಪ್ಪು ಬೊಡ್ಡೆ ಕಂಡ್ಯಾ? ಅದು ಆವತ್ತಿಂದೇ" ಎಂದಳು ಮಗಳು ಒಂದು ತಿರುವಿನಲ್ಲಿ. ಯಾವತ್ತಿನದು ಎಂದು ನಾನು ಕೇಳಲಿಲ್ಲ.

ಆವತ್ತು ಎಂದರೆ 2009ರ ಫೆಬ್ರವರಿ 7. ಅದಕ್ಕೆ ಅಲ್ಲಿ ಬ್ಲ್ಯಾಕ್ ಸ್ಯಾಟರ್ಡೇ ಎಂದು ಹೆಸರು. ಹತ್ತು ಹನ್ನೆರಡು ವರ್ಷಗಳ ಬರ ನೆಲವನ್ನು ಒಣಗಿಸಿಟ್ಟಿತ್ತು. ಜನವರಿಯ ಕೊನೆಯಲ್ಲಿ ಮೂರು ದಿನ ಬಿಡದೆ ಮೆಲ್ಬರ್ನ್‌ನಲ್ಲಿ 43 ಡಿಗ್ರಿ ದಾಟಿದ ಸೆಕೆ. ಆ ಶನಿವಾರ 46.4 ಡಿಗ್ರಿ, ಮೇಲೆ ಉತ್ತರದಿಂದ ಬೀಸುವ ಬೆಂಕಿಯಂಥ ಗಾಳಿ. ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ ಕಿಲ್ಮೋರ್ ಈಸ್ಟ್ ಎಂಬಲ್ಲಿ ಹಳೆಯದೊಂದು ವಿದ್ಯುತ್ ತಂತಿ ಕಡಿದು ಬಿದ್ದು ಬೆಂಕಿ ಹತ್ತಿತು. ಸಂಜೆಯ ಹೊತ್ತಿಗೆ ಗಾಳಿ ತಿರುಗಿ ನೈಋತ್ಯದಿಂದ ಬೀಸತೊಡಗಿತು. ಕಾಡಿನ ಬೆಂಕಿ ಕಂಡವರಿಗೆ ಗಾಳಿ ತಿರುಗುವುದೆಂದರೆ ಏನೆಂದು ಗೊತ್ತು: ಅಲ್ಲಿವರೆಗೆ ಮೈಲುಗಟ್ಟಲೆ ಉದ್ದದ ಪಕ್ಕೆಯಾಗಿದ್ದದ್ದು ಒಮ್ಮೆಗೇ ಮುಖವಾಗಿ ಮುನ್ನುಗ್ಗುತ್ತದೆ. ವಿಕ್ಟೋರಿಯಾ ರಾಜ್ಯದ ಬೇರೆ ಬೇರೆ ಕಡೆಯ ಬೆಂಕಿಗಳೆಲ್ಲ ಸೇರಿ 173 ಜನ ತೀರಿಕೊಂಡರು. ಅದರಲ್ಲಿ 119 ಜನ ಈ ಕಿಲ್ಮೋರ್ ಈಸ್ಟ್ ಬೆಂಕಿ ಒಂದಕ್ಕೇ ಹೋದವರು. ಎರಡು ಸಾವಿರಕ್ಕೂ ಹೆಚ್ಚು ಮನೆ, ಹತ್ತಿರ ಹತ್ತಿರ ಹನ್ನೊಂದು ಲಕ್ಷ ಎಕರೆ ನೆಲ ಸುಟ್ಟಿತು. ಮೇರಿಸ್‌ವಿಲ್‌ನಲ್ಲಿ ಬೆರಳೆಣಿಕೆಯ ಕಟ್ಟಡ ಉಳಿದವು. ಸ್ಟ್ರಾಥ್‌ಯೂವನ್ ಸುಮಾರು ಇನ್ನೂರು ಜನರ ಹಳ್ಳಿ. ಅಲ್ಲಿ 27 ಜನ ಇಲ್ಲವಾದರು. ನಮ್ಮ ಊರಿನ ಲೆಕ್ಕಕ್ಕೆ ಹಾಕಿದರೆ ಪ್ರತಿ ಮನೆಯ ಸೂತಕ ಅದು.

ನಮ್ಮ ಬೆಟ್ಟಗಳಿಗೂ ಬೆಂಕಿ ಬೀಳುತ್ತದೆ. ಮಾಘ ಫಾಲ್ಗುಣದಲ್ಲಿ ಯಾರದೋ ಬೀಡಿಯ ಕಿಡಿಗೆ ಒಣಗಿ ಉದುರಿದ ಎಲೆಯ ದರಕು ಹತ್ತಿ, ಊರ ಜನ ಹಸಿ ಸೊಪ್ಪಿನ ಕೊಂಬೆ ಹಿಡಿದು ಬಡಿದು ಆರಿಸುತ್ತಾರೆ. ನಮ್ಮ ಬೆಂಕಿ ನೆಲದ ಮೇಲೆ ಹರಿದಾಡುವಂಥದ್ದು. ಅವರದು ಹಾಗಲ್ಲ, ನೆತ್ತಿಯಿಂದ ನೆತ್ತಿಗೆ ಹಾರುವಂಥದ್ದು. ಅದಕ್ಕೆ ಕಾರಣ ನಮಗೆ ಪರಿಚಯದ ಮರವೇ, ನೀಲಗಿರಿ. ಟಿಪ್ಪೂ ಸುಲ್ತಾನನ ಕಾಲಕ್ಕೆ ನಂದಿಬೆಟ್ಟಕ್ಕೆ ಬಂತು ಎಂದು ಹೇಳುವ, ಆಮೇಲೆ ಬಯಲುಸೀಮೆಯನ್ನೆಲ್ಲ ಆವರಿಸಿ ಅಂತರ್ಜಲ ಹೀರುತ್ತದೆಂಬ ಆಪಾದನೆ ಹೊತ್ತು, 2017ರಲ್ಲಿ ನಮ್ಮ ಸರಕಾರ ಹೊಸದಾಗಿ ನೆಡಬಾರದೆಂದು ನಿಲ್ಲಿಸಿದ ಆ ಮರದ ತವರು ಆಸ್ಟ್ರೇಲಿಯಾ. ಅಲ್ಲಿ ಅದಕ್ಕೆ ನೂರಾರು ಜಾತಿ. ಎಲೆಯಲ್ಲಿ ಎಣ್ಣೆ, ಕೆಲವು ಜಾತಿಯಲ್ಲಿ ತೊಗಟೆ ಉದ್ದುದ್ದ ಪಟ್ಟಿಯಾಗಿ ಸುಲಿದು ಜೋಲಾಡುತ್ತಿರುತ್ತದೆ. ಆ ಪಟ್ಟಿಗೆ ಕಿಡಿ ಹತ್ತಿ ಗಾಳಿಗೆ ಸಿಕ್ಕರೆ ಮೈಲುಗಟ್ಟಲೆ ಮುಂದೆ ಹಾರಿ ಅಲ್ಲೊಂದು ಹೊಸ ಬೆಂಕಿ. ಆವತ್ತು ಮೂವತ್ತು ಕಿಲೋಮೀಟರಿಗೂ ದೂರ ಹಾರಿದ ಕಿಡಿಗಳಿದ್ದವು. ಹಸಿ ಸೊಪ್ಪಿನ ಕೊಂಬೆಗೆ ಅಲ್ಲಿ ಏನು ಕೆಲಸ?

ಮರದ ಮಾತು ಬಂತು, ಇನ್ನೊಂದು ಹೇಳಿ ಮುಂದೆ ಹೋಗುತ್ತೇನೆ. ಬೆಂಕಿಯಾಗಿ ಕೆಲವೇ ವಾರಕ್ಕೆ ಎಷ್ಟೋ ನೀಲಗಿರಿ ಜಾತಿಗಳು ಕರಕಲು ಕಾಂಡದ ಮೈತುಂಬ ಚಿಗುರುತ್ತವೆ. ತೊಗಟೆಯ ಒಳಗೆ ಮಲಗಿದ್ದ ಮೊಗ್ಗುಗಳು ಎದ್ದು ಬರುತ್ತವೆ. ಗುಡ್ಡದ ಮೇಲಿನ ಮೌಂಟನ್ ಆ್ಯಶ್ ಎಂಬ ಎತ್ತರದ ಜಾತಿಯದು ಬೇರೆ ದಾರಿ, ಅದು ಸತ್ತೇ ಹೋಗುತ್ತದೆ, ಅದರ ಬೀಜ ಬೂದಿಯಲ್ಲಿ ಬಿದ್ದು ಸಸಿ ಒತ್ತೊತ್ತಾಗಿ ಏಳುತ್ತದೆ. ಕಪ್ಪು ಕಾಂಡ, ಹಸಿರು ಚಿಗುರು: ಚಿತ್ರ ತೆಗೆಯುವವರಿಗೆ ಇದಕ್ಕಿಂತ ಒಳ್ಳೆಯ ನೋಟ ಬೇಕೆ? ಪತ್ರಿಕೆಗಳ ತುಂಬ ಅದೇ, ಕೆಳಗೆ ಊರು ಮತ್ತೆ ಚಿಗುರುತ್ತಿದೆ ಎಂಬ ಒಕ್ಕಣೆ. ನನಗೆ ಈ ಹೋಲಿಕೆ ಒಪ್ಪಿಗೆಯಾಗುವುದಿಲ್ಲ. ಮರಕ್ಕೆ ಕೋಟ್ಯಂತರ ವರ್ಷಗಳ ರೂಢಿ ಇದೆ, ಯಾರ ಸಹಾಯವೂ ಬೇಕಿಲ್ಲ. ಮಗನನ್ನು ಕಳೆದುಕೊಂಡ ತಾಯಿ ಚಿಗುರುವುದಿಲ್ಲ. ಅವಳು ಎದ್ದು ನಿಂತರೆ ಅದು ಪಕ್ಕದಲ್ಲಿ ಯಾರೋ ನಿಂತದ್ದರಿಂದ.

ಹೀಗೆ ಪಕ್ಕದಲ್ಲಿ ನಿಂತವರ ಕತೆಯೇ ನನಗೆ ಹೇಳಬೇಕಾದದ್ದು. ಕಿಲ್ಮೋರ್ ಈಸ್ಟ್‌ನಲ್ಲೇ ಕೆವಿನ್ ಬಟ್ಲರ್, ರೋಂಡಾ ಬಟ್ಲರ್ ಎಂಬ ಕುರಿ ಸಾಕುವ ದಂಪತಿ ಇದ್ದರು. ಅವರ ಬೇಲಿ ಸುಟ್ಟುಹೋಯಿತು. ಕುರಿಗಳನ್ನು ಹಿಡಿದಿಡುವ ದಾರಿಯಿಲ್ಲ. ಮನೆಯವರು, ಗೆಳೆಯರು, ಗುರುತಿಲ್ಲದ ಕೆಲವರು ಬಂದು ಕೈಹಾಕಿದರು, ವಾರದೊಳಗೆ ಬೇಲಿ ಎದ್ದಿತು. ನಮ್ಮ ಕೆಲಸವಾಯಿತಲ್ಲ ಎಂದು ಅವರು ಒಳಗೆ ಹೋಗಿ ಕೂರಲಿಲ್ಲ. ಪಕ್ಕದವರ ಬೇಲಿಗೆ ಹೊರಟರು, ಅಲ್ಲಿಂದ ಅದರಾಚೆಯವರದಕ್ಕೆ. ಬ್ಲೇಜ್‌ಏಡ್ ಎಂಬ ಸಂಸ್ಥೆ ಹುಟ್ಟಿದ್ದು ಹೀಗೆ. ಈಗ ಆಸ್ಟ್ರೇಲಿಯಾದಲ್ಲಿ ಎಲ್ಲಿ ಬೆಂಕಿ ಬಿದ್ದರೂ, ನೆರೆ ಬಂದರೂ, ಚಂಡಮಾರುತ ಹೊಡೆದರೂ ಊರಿನ ಆಟದ ಮೈದಾನದಲ್ಲಿ ಅವರ ಬಿಡಾರ ಏಳುತ್ತದೆ. ನಿವೃತ್ತರಾಗಿ, ಕಾರಿನ ಹಿಂದೆ ಕ್ಯಾರವಾನ್ ಕಟ್ಟಿಕೊಂಡು ದೇಶ ಸುತ್ತುವ ಹಿರಿಯರು ಅದರಲ್ಲಿ ಬಹಳ. ಕಟ್ಟಿಸಿಕೊಂಡವರು ಕೂಲಿ ಕೊಡಬೇಕಿಲ್ಲ.

ಕೆಲಸ ಹಗುರವಾದದ್ದೆಂದು ತಿಳಿಯಬೇಡಿ. ಹೊಸ ಬೇಲಿ ಹಾಕುವ ಮೊದಲು ಹಳೆಯದನ್ನು ಕೀಳಬೇಕು. ಕಾದ ತಂತಿ ಹದ ಕಳೆದುಕೊಂಡಿರುತ್ತದೆ, ಎಳೆದರೆ ತುಂಡಾಗುತ್ತದೆ. ಮೇಲಿನ ಸತುವಿನ ಲೇಪ ಹೋಗಿ ತುಕ್ಕು ಹಿಡಿಯುತ್ತದೆ. ಮರದ ಕಂಬ ಇದ್ದಲ್ಲಿ ಬರೀ ಕುಳಿ. ಸುರುಳಿ ಸುತ್ತಿ ಸುತ್ತಿ ಹಳೆಯ ತಂತಿಯನ್ನು ರಾಶಿ ಹಾಕಿ, ಮೂಲೆಗೆ ದಪ್ಪ ಕಂಬ ಹೂತು, ನಡುವೆ ಉಕ್ಕಿನ ಗೂಟ ಹೊಡೆದು, ಜಾಲರಿ ಬಿಗಿದು, ಮೇಲೆ ಮುಳ್ಳುತಂತಿ ಎಳೆಯಬೇಕು. ಒಬ್ಬನೇ ರೈತ ಮಾಡಿದರೆ ತಿಂಗಳುಗಟ್ಟಲೆ. ಆ ತಿಂಗಳುಗಳಲ್ಲಿ ಅವನ ತಲೆಯಲ್ಲಿ ಏನು ಓಡುತ್ತಿರುತ್ತದೆಂದು ಯೋಚಿಸಿ. ಸುಟ್ಟುಕೊಂಡು ಬದುಕಿದ ಕುರಿಗಳನ್ನು ಅವನೇ ಗುಂಡಿಟ್ಟು ಕೊಂದಿರುತ್ತಾನೆ, ಬೇರೆ ದಾರಿಯಿರುವುದಿಲ್ಲ. ಹೆಸರಿಟ್ಟು ಕರೆದ ಪ್ರಾಣಿಗಳೂ ಅದರಲ್ಲಿರುತ್ತವೆ.

ಇಂಥವನಿಗೆ ಸಲಹೆಗಾರರು ಇದ್ದಾರೆ, ಹೋಗಿ ಮನಸ್ಸು ಬಿಚ್ಚಿ ಮಾತಾಡು ಎಂದರೆ ಹೋಗುತ್ತಾನೆಯೆ? ಎಲ್ಲರೂ ಹೋಗುವುದಿಲ್ಲ. ನನ್ನ ತಲೆಮಾರಿನ, ನನ್ನ ಕಸುಬಿನ ಗಂಡಸರನ್ನು ನಾನು ಬಲ್ಲೆ. ಎದುರು ಕುರ್ಚಿ ಹಾಕಿ ಹೇಳು ಎಂದರೆ ನಮಗೆ ನಾಲಿಗೆ ಕಟ್ಟುತ್ತದೆ. ಕೈಗೆ ಕೆಲಸ ಕೊಟ್ಟು, ಕಣ್ಣು ಕೆಲಸದ ಮೇಲಿದ್ದರೆ, ಬಾಯಿ ತಾನಾಗಿ ತೆರೆಯುತ್ತದೆ. ತಂತಿಯ ಆಚೆ ತುದಿ ಹಿಡಿದವನಿಗೆ, ಅವನು ಯಾರೆಂದು ಗೊತ್ತಿಲ್ಲದಿದ್ದರೂ, ಹೆಂಡತಿಗೆ ಹೇಳದ್ದನ್ನು ಹೇಳಿಬಿಡುತ್ತಾನೆ. ಬಹುಶಃ ಗೊತ್ತಿಲ್ಲದ್ದರಿಂದಲೇ. ಬ್ಲೇಜ್‌ಏಡ್‌ನವರು ಇದನ್ನು ಬೇಗ ಕಂಡುಕೊಂಡರು. ಗೂಟ ಎಷ್ಟು ಹೊಡೆದೆವು ಎಂಬುದರಷ್ಟೇ, ಚಹಾದ ಹೊತ್ತಿಗೆ ರೈತನ ಜತೆ ಎಷ್ಟು ಕೂತೆವು ಎಂಬುದೂ ಅವರಿಗೆ ಮುಖ್ಯ. ಅವನು ಮಾತು ಶುರುಮಾಡಿದರೆ ಸುತ್ತಿಗೆ ಕೆಳಗಿಡಬೇಕು. ಸಂಜೆ ಬಿಡಾರದ ಊಟಕ್ಕೆ ಅವನ ಮನೆಯವರನ್ನೂ ಕರೆಯುತ್ತಾರೆ.

ಆ ದೇಶದಲ್ಲಿ ಮೆನ್ಸ್ ಶೆಡ್ ಎಂಬ ಇನ್ನೊಂದು ಏರ್ಪಾಡಿದೆ. ಊರಿಗೊಂದು ದೊಡ್ಡ ಕೊಟ್ಟಿಗೆ, ಅದರಲ್ಲಿ ಮರಗೆಲಸದ ಯಂತ್ರಗಳು, ಒಂದು ಚಹಾದ ಮೂಲೆ. ವಯಸ್ಸಾದ ಗಂಡಸರು ಬಂದು ಮುರಿದ ಕುರ್ಚಿ ಸರಿಮಾಡುತ್ತಾರೆ, ಮಕ್ಕಳ ಆಟಿಕೆ ಕಡೆಯುತ್ತಾರೆ, ಮಾಡುತ್ತ ಮಾಡುತ್ತ ಮಾತಾಡುತ್ತಾರೆ. ಗಂಡಸರು ಮುಖಕ್ಕೆ ಮುಖ ಕೊಟ್ಟು ಮಾತಾಡುವುದಕ್ಕಿಂತ ಹೆಗಲಿಗೆ ಹೆಗಲು ತಾಗಿಸಿ ಮಾತಾಡುವುದು ಸುಲಭ ಎಂಬುದೇ ಅದರ ತತ್ತ್ವ. ಸುಟ್ಟ ಊರುಗಳಲ್ಲಿ ಇಂಥ ಶೆಡ್‌ಗಳಿಗೆ ಹೊಸ ಜೀವ ಬಂತು. ತಮ್ಮ ಸ್ವಂತ ಶೆಡ್, ಅಪ್ಪನ ಕಾಲದ ಉಳಿ ಗರಗಸ ಎಲ್ಲ ಸುಟ್ಟುಕೊಂಡವರಿಗೆ ಕೈಗೊಂದು ಉಳಿ ಸಿಕ್ಕಿದ್ದೇ ಎಷ್ಟೋ ಸಮಾಧಾನ. ನಮ್ಮ ಕಡೆಯ ಮುಯ್ಯಾಳಿನ ಪದ್ಧತಿಯಲ್ಲಿ ಕೊನೆಕೊಯ್ಲಿನ ಅಡಿಕೆ ಸುಲಿಯುತ್ತ ರಾತ್ರಿ ಎರಡರ ತನಕ ನಡೆಯುತ್ತಿದ್ದ ಮಾತುಕತೆ ಈ ಜಾತಿಯದೇ. ಸಾಲ, ಸಾವು, ಮಗಳ ಮನೆಯ ಕಷ್ಟ, ಎಲ್ಲ ಮೆಟ್ಟುಗತ್ತಿಯ ಮುಂದೆ ಹೊರಬೀಳುತ್ತಿದ್ದವು. ಈಗ ಸುಲಿಯುವ ಯಂತ್ರ ಬಂದಿದೆ. ಆ ಮಾತುಗಳು ಎಲ್ಲಿಗೆ ಹೋದವೋ ಎಂದು ನಾನು ಆಗಾಗ ಯೋಚಿಸುವುದುಂಟು.

ದೂರದವರ ಪ್ರೀತಿ ಬರುವ ರೀತಿ ಬೇರೆ. ಅದು ಮೂಟೆಯಲ್ಲಿ ಬರುತ್ತದೆ. ಆ ಬೆಂಕಿಯ ನಂತರ ದೇಶದ ಮೂಲೆಮೂಲೆಯಿಂದ ವಿಕ್ಟೋರಿಯಾಕ್ಕೆ ಬಂದ ಸಾಮಾನು ನಲವತ್ತು ಸಾವಿರ ಪ್ಯಾಲೆಟ್ ಮೀರಿತು. ಅದನ್ನಿಡಲು ಐವತ್ತು ಸಾವಿರ ಚದರ ಮೀಟರ್ ಉಗ್ರಾಣ ಬೇಕಾಯಿತು. ಬಟ್ಟೆ, ಗೊಂಬೆ, ಪಾತ್ರೆ. ವಿಂಗಡಿಸಲು ಜನ, ಸಾಗಿಸಲು ಲಾರಿ, ಮಿಕ್ಕದ್ದನ್ನು ಎಸೆಯಲು ಮತ್ತೆ ಖರ್ಚು. ಕೊಟ್ಟವರ ಮನಸ್ಸು ಚಿನ್ನದಂಥದ್ದೇ, ಅದರಲ್ಲಿ ನನಗೆ ಎಳ್ಳಷ್ಟೂ ಸಂದೇಹವಿಲ್ಲ. ಆದರೆ ಮನೆ ಕಳೆದುಕೊಂಡವಳಿಗೆ ಬೇಕಾದ್ದು ತನ್ನ ಅಳತೆಯ, ತಾನು ಆರಿಸಿದ ಒಂದು ಜತೆ ಹೊಸ ಒಳಉಡುಪು. ಯಾರದೋ ಹಳೆಯ ಕೋಟಿನ ರಾಶಿಯಲ್ಲಿ ಹುಡುಕಿಕೊ ಎಂದರೆ ಅವಳಿಗೆ ಕಳೆದುಹೋದದ್ದೇ ಮತ್ತೆ ಕಣ್ಣಿಗೆ ಬರುತ್ತದೆ. ದುಡ್ಡು ಕೊಡಿ, ಆರಿಸುವ ಹಕ್ಕು ಅವರ ಕೈಯಲ್ಲೇ ಇರಲಿ.

ಆ ದಿನಗಳಲ್ಲಿ ಲೋಕಕ್ಕೆಲ್ಲ ಪರಿಚಯವಾದ ಒಂದು ಚಿತ್ರ ನಿಮಗೂ ನೆನಪಿರಬಹುದು. ಅಗ್ನಿಶಾಮಕ ಸ್ವಯಂಸೇವಕ ಡೇವಿಡ್ ಟ್ರೀ ಬಾಗಿ ಕೂತು, ಸುಟ್ಟ ಪಾದದ ಕೋಲಾಗೆ ಬಾಟಲಿಯಿಂದ ನೀರು ಕುಡಿಸುತ್ತಿರುವುದು; ಕೋಲಾ ಅವನ ಕೈ ಹಿಡಿದುಕೊಂಡಿರುವುದು. ಸ್ಯಾಮ್ ಎಂದು ಅದಕ್ಕೆ ಹೆಸರಿಟ್ಟರು. ಅಸಲಿಗೆ ಆ ಚಿತ್ರ ತೆಗೆದದ್ದು ಬ್ಲ್ಯಾಕ್ ಸ್ಯಾಟರ್ಡೇಗೂ ಮುಂಚೆ, ಮಿರ್ಬೂ ನಾರ್ತ್ ಎಂಬಲ್ಲಿ. ಆದರೂ ಇಡೀ ದೇಶ ಅದನ್ನು ಆ ಶನಿವಾರದ ಗುರುತಾಗಿ ಎದೆಗೆ ಹಚ್ಚಿಕೊಂಡಿತು. ನನಗೆ ಇದರಲ್ಲಿ ಆಕ್ಷೇಪಿಸುವಂಥದ್ದೇನೂ ಕಾಣುವುದಿಲ್ಲ. 173 ಸಾವನ್ನು ಒಂದೇ ಸಲ ಯಾರ ಮನಸ್ಸೂ ಹೊರಲಾರದು. ಬಾಟಲಿ ಹಿಡಿದ ಒಂದು ಕೈಯನ್ನಾದರೆ ನೋಡಬಹುದು. ಅದೇ ವರ್ಷದ ಆಗಸ್ಟ್‌ನಲ್ಲಿ ಸ್ಯಾಮ್ ಬೇರೆ ಕಾಯಿಲೆಯಿಂದ ಸತ್ತಿತು. ಈಗ ಮೆಲ್ಬರ್ನ್ ವಸ್ತುಸಂಗ್ರಹಾಲಯದಲ್ಲಿದೆ. ಮೊಮ್ಮಗಳು ಅದರ ಗಾಜಿನ ಮುಂದಿನಿಂದ ಏಳುವುದಿಲ್ಲ ಎಂದು ಹಟ ಹಿಡಿದಿದ್ದಳು.

ಟಿ.ವಿ.ಯವರು ಹೋದ ಮೇಲೆ ಏನಾಗುತ್ತದೆ? ಇದನ್ನು ನಲವತ್ತು ವರ್ಷಗಳ ಹತ್ತಿರ ನೋಡಿಕೊಂಡು ಬಂದವರು ರಾಬ್ ಗಾರ್ಡನ್ ಎಂಬ ಮನೋವಿಜ್ಞಾನಿ. 1983ರ ಆ್ಯಶ್ ವೆಡ್ನೆಸ್‌ಡೇ ಬೆಂಕಿಯ ಕಾಲದಿಂದ ಅವರು ಸುಟ್ಟ ಊರುಗಳ ಸಭಾಂಗಣಗಳಲ್ಲಿ ಕೂತು ಜನರಿಗೆ ಅವರದೇ ಮನಸ್ಸನ್ನು ಬಿಡಿಸಿ ಹೇಳುತ್ತ ಬಂದವರು. ಅವರು ಹೇಳುವ ಕ್ರಮ ಹೀಗೆ. ಬೆಂಕಿ ಬಂದ ಗಳಿಗೆಯಲ್ಲಿ ಜನರ ನಡುವಿನ ಎಳೆಗಳೆಲ್ಲ ಕಡಿಯುತ್ತವೆ, ಒಬ್ಬೊಬ್ಬನೂ ಒಂಟಿ. ಉಳಿದುಕೊಂಡ ಮೇಲೆ ಅದಕ್ಕೆ ಪ್ರತಿಯಾಗಿ ಎಲ್ಲರೂ ಒಂದಾಗಿ ಬೆಸೆದುಹೋಗುತ್ತಾರೆ. ಬಡವ ಬಲ್ಲಿದ ಇಲ್ಲ, ಒಂದೇ ಒಲೆ. ನೋಡುವವರು ಎಂಥ ಒಗ್ಗಟ್ಟು ಎನ್ನುತ್ತಾರೆ. ಅದು ಬಹಳ ದಿನ ನಿಲ್ಲುವುದಿಲ್ಲ. ಬೆಸೆದದ್ದು ಬಿರಿಯತೊಡಗುತ್ತದೆ. ಮನೆ ಕಳೆದುಕೊಂಡವರು, ಉಳಿಸಿಕೊಂಡವರು. ವಿಮೆ ಇದ್ದವರು, ಇಲ್ಲದವರು. ಸ್ವಂತ ಮನೆಯವರು, ಬಾಡಿಗೆಯವರು. ಅವನಿಗೆ ಪರಿಹಾರ ಬಂತು, ನನಗೇಕೆ ಇಲ್ಲ? ಅವಳ ಮನೆ ಉಳಿದಿದೆಯಲ್ಲ, ಅವಳಿಗೇನು ಅಳು? ಮನೆ ಉಳಿದವಳಿಗೋ, ರಸ್ತೆಯ ಆಚೆ ಬದಿ ಸುಟ್ಟು ಈಚೆ ಬದಿ ಉಳಿದದ್ದೇ ತಪ್ಪಿತಸ್ಥ ಭಾವ. ಅವಳು ಯಾರ ಮುಂದೆಯೂ ಅಳುವಂತಿಲ್ಲ.

ಗಾರ್ಡನ್ ಅವರ ಮಾತಿನಲ್ಲಿ ನನಗೆ ಬೆಲೆಯುಳ್ಳದ್ದಾಗಿ ಕಂಡದ್ದು ಇದು: ಇವೆಲ್ಲ ಆಗುತ್ತವೆಂದು ಮೊದಲೇ ಗೊತ್ತಿದ್ದರೆ ಅರ್ಧ ಭಾರ ಕಡಿಮೆ. ಬೆಂಕಿಯ ದಿನ ಮೈಯಲ್ಲಿ ಹರಿದ ಉದ್ವೇಗ ತಿಂಗಳುಗಟ್ಟಲೆ ಇಳಿಯುವುದಿಲ್ಲ. ನಿದ್ದೆಯಿಲ್ಲ, ಮರೆವು, ಸಣ್ಣದಕ್ಕೆ ಸಿಡುಕು. ಎರಡನೆಯ ವರ್ಷ ಮೊದಲನೆಯದಕ್ಕಿಂತ ಕಷ್ಟವೆನಿಸುವುದೂ ಉಂಟು. ನನಗೆ ಹುಚ್ಚು ಹಿಡಿಯುತ್ತಿದೆಯೇ ಎಂದು ಹೆದರುವವಳಿಗೆ, ಇಲ್ಲಮ್ಮ, ಈ ದಾರಿ ಹೋಗುವುದೇ ಹೀಗೆ ಎಂದು ತಿಳಿದವರು ಹೇಳಿದರೆ ಎಷ್ಟು ದೊಡ್ಡ ಉಪಕಾರ!

ಸರಕಾರ ಸುಮ್ಮನಿರಲಿಲ್ಲ ಎಂಬುದನ್ನೂ ಹೇಳಬೇಕು. ಮಾಜಿ ಪೊಲೀಸ್ ಮುಖ್ಯಸ್ಥೆ ಕ್ರಿಸ್ಟೀನ್ ನಿಕ್ಸನ್ ಅವರ ನೇತೃತ್ವದಲ್ಲಿ ಪುನರ್ನಿರ್ಮಾಣ ಪ್ರಾಧಿಕಾರ ಬಂತು, ಅವಶೇಷ ತೆಗೆಸಿಕೊಟ್ಟರು, ತಾತ್ಕಾಲಿಕ ಊರುಗಳನ್ನೇ ಕಟ್ಟಿದರು, ಕಚೇರಿಯಿಂದ ಕಚೇರಿಗೆ ಅಲೆಯುವುದು ತಪ್ಪಲೆಂದು ಸಂತ್ರಸ್ತ ಕುಟುಂಬಗಳ ಕೈಹಿಡಿದು ನಡೆಸಲು ಒಬ್ಬೊಬ್ಬ ಕಾರ್ಯಕರ್ತರನ್ನು ಗೊತ್ತುಮಾಡಿದರು. ಆದರೂ ಹೊಸ ಮನೆ ಕಟ್ಟಲು ಬೆಂಕಿ ತಾಳುವ ಹೊಸ ನಿಯಮಗಳು, ಅದಕ್ಕೆ ಹೆಚ್ಚಿನ ವೆಚ್ಚ, ನಕ್ಷೆ, ಅರ್ಜಿ. ಕಿಲ್ಮೋರ್ ಈಸ್ಟ್ ಬೆಂಕಿಯ ಮೊಕದ್ದಮೆ ಸುಮಾರು ಐವತ್ತು ಕೋಟಿ ಡಾಲರಿಗೆ ರಾಜಿಯಾದದ್ದು 2014ರಲ್ಲಿ. ಬೆಂಕಿಯ ವರ್ಷ ಶಾಲೆಗೆ ಸೇರಿದ ಮಗು ಅಷ್ಟರಲ್ಲಿ ಹೈಸ್ಕೂಲಿನ ಹತ್ತಿರ ಬಂದಿತ್ತು.

ಈಗ ಹೇಳುವುದು ಕಹಿಯಾದದ್ದು, ಆದರೆ ಬಿಡುವಂತಿಲ್ಲ. ಡೆಬ್ರಾ ಪಾರ್ಕಿನ್ಸನ್ ಎಂಬ ಸಂಶೋಧಕಿ, ಜತೆಗಾರ್ತಿಯೊಂದಿಗೆ, ಸುಟ್ಟ ಊರುಗಳ 30 ಹೆಂಗಸರನ್ನು ಕೂತು ಮಾತಾಡಿಸಿದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಬೆಂಕಿಯ ನಂತರ ಮನೆಯೊಳಗಿನ ಹಿಂಸೆಯ ಮಾತು ಹೇಳಿದರು. ಕೆಲವರಿಗೆ ಅದು ಹೊಸದು. ಹೇಳಿಕೊಳ್ಳಲು ಹೋದರೆ ಊರು ಏನೆಂದಿತು? ಅವನು ಎಷ್ಟು ಜನರ ಮನೆ ಉಳಿಸಿದ್ದಾನೆ, ಪಾಪ, ಎಷ್ಟು ಕಂಡಿದ್ದಾನೆ, ಸ್ವಲ್ಪ ತಾಳಿಕೊ. ಬೆಂಕಿಯ ಮುಂದೆ ವೀರನಾದವನು ಅಡುಗೆಮನೆಯಲ್ಲಿ ಕೈಯೆತ್ತಿದರೆ ಅದು ಕೈಯೆತ್ತಿದ್ದೇ. ಅವನ ದುಃಖ ನಿಜ, ಅವನಿಗೆ ನೆರವೂ ಬೇಕು, ಆದರೆ ಅವಳ ಬೆನ್ನಿನ ಮೇಲೆ ಅದು ಇಳಿಯಬಾರದು. ಊರು ಒಗ್ಗಟ್ಟಾಗಿದೆ ಎಂದು ಹೊಗಳುವಾಗ, ಆ ಒಗ್ಗಟ್ಟಿಗಾಗಿ ಯಾರ ಬಾಯಿ ಮುಚ್ಚಿಸಿದ್ದೇವೆ ಎಂದು ನೋಡಿಕೊಳ್ಳಬೇಕಾಗುತ್ತದೆ.

ಹೆಂಗಸರು ತಮ್ಮದೇ ಜಾಗ ಮಾಡಿಕೊಂಡದ್ದೂ ಇದೆ. ಕಿಂಗ್‌ಲೇಕ್ ಕಡೆ ಕೇಟ್ ರಿಡೆಲ್, ಜೆಮೈಮಾ ರಿಚರ್ಡ್ಸ್ ಎಂಬ ಇಬ್ಬರು ಫೈರ್‌ಫಾಕ್ಸಸ್ ಎಂಬ ಗುಂಪು ಕಟ್ಟಿದರು. ಪರಿಹಾರದ ಅರ್ಜಿ, ನಕ್ಷೆ, ಗಂಡ ಮಕ್ಕಳ ಆರೈಕೆ ಎಲ್ಲ ಬದಿಗಿಟ್ಟು ಹೆಂಗಸರು ಒಂದು ಹೊತ್ತು ಬಂದು ಕೂತು, ನಕ್ಕು, ಅತ್ತು ಹೋಗಲಿ ಎಂದು. ತಲೆಗೆ ಎಣ್ಣೆ ಹಚ್ಚಿಸಿಕೊಂಡು ಬಿಸಿನೀರು ಹೊಯ್ಯಿಸಿಕೊಳ್ಳುವ ಸುಖ ಗೊತ್ತಿದ್ದವರಿಗೆ ಇದು ಎಷ್ಟು ದೊಡ್ಡದೆಂದು ಅರ್ಥವಾಗುತ್ತದೆ.

ಇವೆಲ್ಲ ಕೂತು ಆಡಿದ ಮಾತಾಯಿತು, ಲೆಕ್ಕ ಹಿಡಿದು ನೋಡಿದವರೂ ಇದ್ದಾರೆ. ಮೆಲ್ಬರ್ನ್ ವಿಶ್ವವಿದ್ಯಾಲಯದ ಲೀಸಾ ಗಿಬ್ಸ್ ಅವರ ತಂಡ ಸಾವಿರಕ್ಕೂ ಹೆಚ್ಚು ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿ ಕೇಳುತ್ತ ಬಂತು. ಬಹುಪಾಲು ಜನ ಚೇತರಿಸಿಕೊಂಡರು, ಅದು ನಿಜ. ಆದರೆ ತೀವ್ರವಾಗಿ ಸುಟ್ಟ ಊರುಗಳಲ್ಲಿ ಹತ್ತು ವರ್ಷದ ನಂತರವೂ ಸುಮಾರು ಶೇ. 22ರಷ್ಟು ಜನರಲ್ಲಿ ಚಿಕಿತ್ಸೆ ಬೇಕಾಗುವ ಮಟ್ಟದ ಮಾನಸಿಕ ತೊಂದರೆಯ ಲಕ್ಷಣಗಳಿದ್ದವು. ಐದರಲ್ಲಿ ಒಬ್ಬರಿಗಿಂತ ಹೆಚ್ಚು, ಅದೂ ಹತ್ತು ವರ್ಷಕ್ಕೆ! ಒಂದು ವರ್ಷದ ಸ್ಮರಣೆಯ ಸಭೆ ಮುಗಿಸಿ ಕಡತ ಮುಚ್ಚುವವರು ಈ ಅಂಕಿಯನ್ನು ಗೋಡೆಗೆ ಬರೆದು ಹಾಕಿಕೊಳ್ಳಬೇಕು. ಕನಿಷ್ಠ ಐದು ವರ್ಷದ ಯೋಜನೆ ಬೇಕೆಂದು ಆ ತಂಡ ಹೇಳಿದ್ದು ಸುಮ್ಮನೆ ಅಲ್ಲ.

ಅದೇ ಅಧ್ಯಯನದಲ್ಲಿ ಇನ್ನೊಂದು ಸಂಗತಿ ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿತು. ಊರಿನ ಯಾವುದಾದರೂ ಒಂದೆರಡು ಸಂಘದಲ್ಲಿ, ಆಟದ ಕೂಟವೋ ಹಾಡಿನ ಗುಂಪೋ ತೋಟಗಾರಿಕೆಯೋ, ತೊಡಗಿಕೊಂಡವರ ಮನಸ್ಸು ತೊಡಗಿಕೊಳ್ಳದವರಿಗಿಂತ ಚೆನ್ನಾಗಿತ್ತು. ಆದರೆ ಲೆಕ್ಕ ಮೀರಿ ಹತ್ತಾರು ಸಮಿತಿಗಳಲ್ಲಿ ಓಡಾಡಿದವರಿಗೆ ಆ ಲಾಭ ಇರಲಿಲ್ಲ, ಅವರು ದಣಿದಿದ್ದರು. ಪ್ರತಿ ಊರಿನಲ್ಲೂ ಇಂಥ ನಾಲ್ಕೈದು ಜನ ಇರುತ್ತಾರೆ. ದೇವಸ್ಥಾನ, ಶಾಲೆ, ಸೊಸೈಟಿ, ಎಲ್ಲಕ್ಕೂ ಅವರೇ. ಆಪತ್ತು ಬಂದಾಗ ಎಲ್ಲರೂ ಅವರ ಬಾಗಿಲಿಗೇ ಹೋಗುತ್ತಾರೆ, ಅವರು ಯಾರ ಬಾಗಿಲಿಗೂ ಹೋಗುವುದಿಲ್ಲ. ಊರಿಗೆ ನೆರವಾಗಬೇಕೆಂದಿದ್ದರೆ ಒಂದು ದಿನ ಅವರ ಮನೆಗೆ ಹೋಗಿ ಅವರ ಬೇಲಿಯನ್ನು ಕಟ್ಟಿಕೊಟ್ಟು ಬನ್ನಿ. ಇನ್ನೊಂದು ಸೂಕ್ಷ್ಮ: ಯಾರ ಆಪ್ತರು ಊರು ಬಿಟ್ಟುಹೋಗಿದ್ದರೋ ಅವರಲ್ಲಿ ಖಿನ್ನತೆ ಹೆಚ್ಚಿತ್ತು. ಹೋದವರನ್ನು ದೂರುವಂತಿಲ್ಲ, ಪ್ರತಿ ತಿರುವಿನಲ್ಲೂ ಆ ದಿನವನ್ನು ಕಾಣುತ್ತ ಬದುಕುವುದು ಎಲ್ಲರಿಂದಾಗದು. ಉಳಿದವರ ಕಡೆಗೆ ಕಣ್ಣಿರಬೇಕು ಅಷ್ಟೆ.

ಸ್ಟ್ರಾಥ್‌ಯೂವನ್‌ನಲ್ಲಿ ಈಗ ಒಂದು ಲೋಹದ ಮರವಿದೆ. ಹತ್ತಿರ ಹತ್ತಿರ ಹತ್ತು ಮೀಟರ್ ಎತ್ತರ, ನೀಲಗಿರಿಯ ಆಕಾರ. ಆಸ್ಟ್ರೇಲಿಯಾದ ಕಮ್ಮಾರರ ಸಂಘದವರು, ನಾವು ಬೇರೇನು ಮಾಡಲು ಸಾಧ್ಯ, ತಲೆಗೊಂದು ಎಲೆ ಬಡಿಯೋಣ ಎಂದು ಹೊರಟರು. ಸುದ್ದಿ ಹಬ್ಬಿ ಹಲವು ದೇಶಗಳ ಕಮ್ಮಾರರು ತಮ್ಮ ತಮ್ಮ ಕುಲುಮೆಯಲ್ಲಿ ಎಲೆ ಬಡಿದು ಕಳಿಸಿದರು. ಮೂರು ಸಾವಿರಕ್ಕೂ ಹೆಚ್ಚು ಉಕ್ಕಿನ, ತಾಮ್ರದ ಎಲೆ. ಕೆಲವದರ ಮೇಲೆ ತೀರಿಕೊಂಡವರ ಹೆಸರು. ಕಟ್ಟಿ ನಿಲ್ಲಿಸಲು ವರ್ಷಗಳೇ ಹಿಡಿದವು, ಮಧ್ಯೆ ಎಷ್ಟೋ ಜನ ಬಂದು ಎಲೆ ಬೆಸೆಯಲು ಕೈಕೊಟ್ಟರು. ನಾನು ಮೇಲೆ ನೋಡುತ್ತ ನಿಂತಿದ್ದಾಗ ನನಗೆ ಹೊಳೆದದ್ದು, ಈ ಜನ ಬೆಂಕಿಯಲ್ಲೇ ಕೆಲಸ ಮಾಡುವವರಲ್ಲವೇ ಎಂದು. ಕಾಸಿ ಬಡಿಯುವ ಕಲೆಯನ್ನೇ ಸುಟ್ಟ ಊರಿಗೆ ಕಾಣಿಕೆಯಾಗಿ ಕೊಟ್ಟಿದ್ದಾರೆ. ನನ್ನ ಹೆಂಡತಿ ಹತ್ತಿರ ಹೋಗಿ ಎಟಕಿದ ಎಲೆಯೊಂದನ್ನು ಮುಟ್ಟಿ, ಬಿಸಿಲಿಗೆ ಕಾದಿದೆ ಎಂದಳು.

2019ರ ಕೊನೆ, 2020ರ ಮೊದಲಲ್ಲಿ ಆ ದೇಶದ ಪೂರ್ವ ಕರಾವಳಿಯುದ್ದಕ್ಕೂ ಮತ್ತೆ ಬೆಂಕಿ ಬಂದಾಗ ಬ್ಲೇಜ್‌ಏಡ್ ಬಿಡಾರಗಳು ಊರೂರಿಗೆ ಹೋದವು. ಬೇರ್ನ್ಸ್‌ಡೇಲ್ ಎಂಬಲ್ಲಿ ಸಿಖ್ ವಾಲಂಟಿಯರ್ಸ್ ಆಸ್ಟ್ರೇಲಿಯಾ ಎಂಬ ತಂಡ ಬಂದು ಮನೆ ಬಿಟ್ಟು ಓಡಿಬಂದವರಿಗೆ ದಿನವೂ ಅನ್ನ ಸಾರು ಬೇಯಿಸಿ ಬಡಿಸಿತು. ಮಗಳ ಮನೆಯಲ್ಲಿ ಈ ಸುದ್ದಿ ಬಂದಾಗ ನಮಗೆಲ್ಲ ಎದೆ ತುಂಬಿತು. ಹಸಿದವನ ಎದುರು ತಟ್ಟೆಯಿಡುವಾಗ ಯಾವ ಭಾಷೆಯೂ ಬೇಕಾಗುವುದಿಲ್ಲ. ಜತೆಗೆ ಕೂತು ಉಣ್ಣುವವರಿದ್ದರೆ ಇನ್ನೂ ಎರಡು ತುತ್ತು ಇಳಿಯುತ್ತದೆ.

ಮಕ್ಕಳ ವಿಷಯ ಕೊನೆಗೆ ಉಳಿಯಿತು. ಮಕ್ಕಳು ಬೇಗ ಮರೆಯುತ್ತಾರೆ ಎಂದು ದೊಡ್ಡವರಾದ ನಾವು ನಂಬಲು ಇಷ್ಟಪಡುತ್ತೇವೆ. ಗಿಬ್ಸ್ ಅವರ ತಂಡ ಶಾಲೆಗಳ ಪರೀಕ್ಷೆಯ ಫಲಿತಾಂಶ ತೆಗೆದು ನೋಡಿತು: ಹೆಚ್ಚು ಸುಟ್ಟ ಊರುಗಳ ಪ್ರಾಥಮಿಕ ಶಾಲೆಯ ಮಕ್ಕಳು ಓದು ಮತ್ತು ಲೆಕ್ಕದಲ್ಲಿ, ಬೆಂಕಿಯಾಗಿ ವರ್ಷಗಳು ಕಳೆದ ಮೇಲೂ, ಬೇರೆ ಕಡೆಯ ಮಕ್ಕಳಷ್ಟು ಮುಂದೆ ಹೋಗಿರಲಿಲ್ಲ. ಅತ್ತು ಕರೆದು ಮಾಡದ ಮಗುವಿನ ದುಃಖ ಮಗ್ಗಿಯಲ್ಲಿ ಕಾಣಿಸಿಕೊಂಡಿತ್ತು.

ಸ್ಟ್ರಾಥ್‌ಯೂವನ್ ಶಾಲೆಯೂ ಸುಟ್ಟುಹೋಗಿತ್ತು. ಮುಖ್ಯೋಪಾಧ್ಯಾಯಿನಿ ಜೇನ್ ಹೇವರ್ಡ್ ಅದನ್ನು ಮತ್ತೆ ನಿಲ್ಲಿಸಿದರು. ಕೆಲವು ವರ್ಷ ಕಳೆದ ಮೇಲೆ ಅವರು ಕೈಹಾಕಿದ ಕೆಲಸ ನನಗೆ ಎಲ್ಲಕ್ಕಿಂತ ಧೈರ್ಯದ್ದಾಗಿ ಕಾಣುತ್ತದೆ. ಬೆಂಕಿಯ ಹೆಸರೆತ್ತಬೇಡಿ ಎಂದು ಮಕ್ಕಳನ್ನು ಕಾಪಾಡುವ ಬದಲು, ಊರಿನ ಅಗ್ನಿಶಾಮಕ ಸ್ವಯಂಸೇವಕರನ್ನೇ ಶಾಲೆಗೆ ಕರೆದು ಬೆಂಕಿಯನ್ನೇ ಪಾಠ ಮಾಡಿದರು. ದೊಡ್ಡ ತರಗತಿಯ ಮಕ್ಕಳು ಗಾಳಿ, ಸೆಕೆ, ಒಣ ಹುಲ್ಲು ನೋಡಿ ಆ ದಿನದ ಅಪಾಯ ಎಷ್ಟೆಂದು ಅಳೆಯಲು ಕಲಿತರು. ಅವರಿಗೆ ಕಲಿಸಿದವರು, ಕೆಲವು ವರ್ಷದ ಹಿಂದೆ ಅದೇ ಬೆಂಕಿಯೆದುರು ನಿಂತಿದ್ದ, ತಮ್ಮವರನ್ನು ಕಳೆದುಕೊಂಡ ಊರಿನವರು; ಆ ಪಾಠ ಅವರಿಗೂ ಮದ್ದಾಗಿರಬೇಕು. ಮಕ್ಕಳು ಕಲಿತದ್ದನ್ನೆಲ್ಲ ಜೇಡಿಮಣ್ಣಿನ ಗೊಂಬೆಗಳಲ್ಲಿ ಕೂರಿಸಿ, ಒಂದೊಂದೇ ಚಿತ್ರ ತೆಗೆದು ಜೋಡಿಸಿ ಚಲನಚಿತ್ರ ಮಾಡಿದರು. ಯಾವ ದಿನ ಮನೆಯಲ್ಲಿರಬಹುದು, ಯಾವ ದಿನ ಬೆಳಗ್ಗೆಯೇ ಹೊರಟುಬಿಡಬೇಕು, ಹೊರಡುವಾಗ ಏನು ಕೊಂಡೊಯ್ಯಬೇಕು ಎಂದು ಆ ಗೊಂಬೆಗಳು ಹೇಳುತ್ತವೆ. ಮಕ್ಕಳು ಅದನ್ನು ಮೊದಲು ತಮ್ಮ ಮನೆಯವರಿಗೆ, ಆಮೇಲೆ ಬೇರೆ ಊರಿನ ದೊಡ್ಡವರಿಗೆ ತೋರಿಸಿದರು. ಮಗಳು ಮೊಬೈಲಿನಲ್ಲಿ ಅಂಥದ್ದೊಂದನ್ನು ಹಚ್ಚಿ ನನ್ನ ಮುಂದೆ ಹಿಡಿದಳು. ಮೊಮ್ಮಗಳು ಪಕ್ಕದಲ್ಲಿ ಕೂತು, ಅಜ್ಜನಿಗೆ ಇಂಗ್ಲಿಷು ತಿಳಿಯಲಿಲ್ಲವೇನೋ ಎಂದು, ಗೊಂಬೆಗಳ ಮಾತನ್ನು ಒಂದೊಂದಾಗಿ ಕನ್ನಡದಲ್ಲಿ ಹೇಳತೊಡಗಿದಳು. ಊರಿಗೆ ಹೋದ ಮೇಲೆ ಬೆಟ್ಟದ ಬದಿಯ ದರಕು ಗುಡಿಸಿಬಿಡು ಅಜ್ಜ ಎಂದು ಕೊನೆಯಲ್ಲಿ ತನ್ನದೊಂದು ಸೇರಿಸಿದಳು.